ನೋಯ್ಡಾದಿಂದ ಬಂದ ಚೆಂಡು

ದೆಹಲಿಯ ಕಿದ್ವಾಯಿ ನಗರದ ಕನ್ನಡ ನೌಕರರ ಮನೋರಂಜನಾ ಸಂಘದಲ್ಲಿ ಕಡತವಿಲ್ಲದೆ ಯಾರೂ ಮನರಂಜನೆ ಪಡೆದ ದಾಖಲೆಯಿಲ್ಲ. ಸದಸ್ಯರೆಲ್ಲ ಕೇಂದ್ರ ಸರ್ಕಾರದ ನೌಕರರು, ಇಲ್ಲವೇ ನಿವೃತ್ತರು. ಕೇರಂ ಬೋರ್ಡಿಗೆ ಪೌಡರ್ ಉದುರಿಸಲು ಎರಡು ಸಹಿ ಬೇಕು.

2009ರ ನವೆಂಬರಿನಲ್ಲಿ ರಜತ್ ಅಲ್ಲಿಗೆ ಬಂದ. ಮೈಸೂರು ಮೂಲದವರ ಮಗ, ಬೆಳೆದದ್ದು ದೆಹಲಿಯಲ್ಲಿ, ನೋಯ್ಡಾದ ಹೊಸ ಕಂಪನಿಯೊಂದರಲ್ಲಿ ತಾತ್ಕಾಲಿಕ ನೌಕರ. ಇನ್ನು ಮುಂದೆ ವಿಡಿಯೋ ಗೇಮ್ ನಿಮ್ಮ ಕಂಪ್ಯೂಟರಿನಲ್ಲಿ ಇರುವುದಿಲ್ಲ, ನಮ್ಮದರಲ್ಲಿ ಇರುತ್ತದೆ ಎಂದು ವಿವರಿಸಿದ. ಇಲ್ಲಿ ಬಟನ್ ಒತ್ತಿದರೆ ಅಲ್ಲಿ ಆಟ ನಡೆದು, ಚಿತ್ರ ಇಂಟರ್ನೆಟ್ಟಿನಲ್ಲಿ ಇಲ್ಲಿಗೆ ಬರುತ್ತದೆ. ಎಷ್ಟು ಹಳೆಯ ಕಂಪ್ಯೂಟರಾದರೂ ನಡೆಯುತ್ತದೆ. ಸಂಘದ ಬಳಿ ಇದ್ದದ್ದು ಅಂಥದ್ದೇ. ಒಂದು ಪಂದ್ಯ ಆಡಿ ಮುಗಿಸಿದ್ದೇವೆಂದು ಸಂಘ ಪ್ರಮಾಣಪತ್ರ ಕೊಟ್ಟರೆ ರಜತ್‌ನ ನೌಕರಿ ಕಾಯಂ. ಜನವರಿ ಕೊನೆಯೊಳಗೆ ಕೊಡದಿದ್ದರೆ ಅವನು ಮನೆಗೆ.

ಕಂಪನಿ ಮುಚ್ಚಿದರೆ ಗೇಮಿನ ಗತಿಯೇನು ಎಂದು ಕಾರ್ಯದರ್ಶಿ ವೈಜಯಂತಿ ಕೇಳಿದರು. ಅದೂ ಹೋಗುತ್ತದೆ ಎಂದ ರಜತ್. ಅವರು ತೃಪ್ತಿಯಿಂದ ಬರೆದುಕೊಂಡರು. ಯೋಜನೆಗಳು ಹಾಗೆ ಹೋಗುವುದನ್ನು ಅವರು ಕಂಡಿದ್ದರು.

ಅಡ್ಡಿ ಬಂದದ್ದು ಗಿರಿಜಮ್ಮನವರಿಂದ. ಅವರು ಮೂವತ್ತೊಂದು ವರ್ಷ ಸಚಿವಾಲಯವೊಂದರ ಟಪಾಲು ವಿಭಾಗದಲ್ಲಿದ್ದವರು.

"ಬಟನ್ ಒತ್ತಿದ್ದು ಈ ಕಟ್ಟಡದಿಂದ ಆಚೆ ಹೋಗುತ್ತಾ?"

"ಹೌದು ಆಂಟಿ, ಸೀದಾ ನೋಯ್ಡಾ."

"ಹಾಗಾದರೆ ಅದು ಜಾವಕ. ಬರೋ ಚಿತ್ರ ಆವಕ. ಎರಡಕ್ಕೂ ರಿಜಿಸ್ಟರ್ ಬೇಕು."

ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ಮರುದಿನ ಸುತ್ತೋಲೆ ಹೊರಟಿತು: ‘ಆಟಗಾರನು ಒತ್ತುವ ಪ್ರತಿಯೊಂದು ಬಟನ್ನನ್ನು ಹೊರಹೋಗುವ ಪತ್ರವೆಂದು ಪರಿಗಣಿಸತಕ್ಕದ್ದು. ಒಳಬರುವ ಚೆಂಡನ್ನು ಸಂಖ್ಯೆ ಮತ್ತು ಮೊಹರು ಇಲ್ಲದೆ ಎದುರಿಸತಕ್ಕದ್ದಲ್ಲ.’

ಡಿಸೆಂಬರ್ ಏಳರಂದು ಕ್ರಿಕೆಟ್ ಪಂದ್ಯ ಆರಂಭವಾಯಿತು. ಬ್ಯಾಟಿಂಗ್ ಅಚ್ಚಪ್ಪನವರದು, ಕೊಡಗಿನವರು, ನಿವೃತ್ತ ಸುಬೇದಾರ್. ಗಿರಿಜಮ್ಮ ಮೊದಲ ಚೆಂಡಿಗೆ ಸಂಖ್ಯೆ ಬರೆಯುತ್ತಿದ್ದಾಗ ಅದು ಸ್ಟಂಪ್ ಉರುಳಿಸಿತು. ಅಚ್ಚಪ್ಪ ಕುರ್ಚಿ ಬಿಟ್ಟು ಏಳಲಿಲ್ಲ.

"ಅಂಕಲ್, ಔಟ್," ಎಂದ ರಜತ್.

"ಚೆಂಡು ನನಗೆ ತಲುಪಲೇ ಇಲ್ಲವಲ್ಲ. ತಲುಪಿದ ಮೇಲೆ ಔಟ್ ಮಾಡಲಿ."

ಸಂಘ ಕಂಪನಿಗೆ ಆಕ್ಷೇಪಣೆ ಕಳಿಸಿತು. ರಜತ್ ಅಲ್ಲಿನ ಎಂಜಿನಿಯರುಗಳ ಕಾಲು ಹಿಡಿದ. ಸಂಘದ ಬಟನ್ ತಲುಪುವ ತನಕ ಚೆಂಡು ಗಾಳಿಯಲ್ಲೇ ನಿಲ್ಲುವಂತೆ ಅವರು ಮಾಡಿಕೊಟ್ಟರು. ಮೊದಲ ಚೆಂಡನ್ನು ಮತ್ತೆ ಎಸೆಯಲಾಯಿತು. ಕಡತಕ್ಕೆ ಸಹಿ ಹಾಕಬೇಕಾದ ವೈಜಯಂತಿ ರಜೆಯಲ್ಲಿದ್ದುದರಿಂದ ಅದು ಒಂಬತ್ತು ದಿನ ನಿಂತಿತು. ಕಡತ ಕೈಸೇರಿದ ಮೇಲೆ ಅಚ್ಚಪ್ಪ ಕನ್ನಡಕ ಹಾಕಿಕೊಂಡು, ಚೆಂಡು ಆಫ್ ಸ್ಟಂಪಿನಿಂದ ಆಚೆ ಇದೆ, ಬಿಟ್ಟುಬಿಡುತ್ತೇನೆ ಎಂದರು. ಬಿಡುವುದಕ್ಕೂ ಒಂದು ಬಟನ್ ಇತ್ತು. ಅದು ಮೂರು ದಿನ ತೆಗೆದುಕೊಂಡಿತು.

ಜನವರಿ ಇಪ್ಪತ್ತೇಳಕ್ಕೆ ಮೂರು ಚೆಂಡುಗಳಾಗಿದ್ದವು.

"ಆಂಟಿ, ಪ್ಲೀಸ್, ಬಾಕಿ ಬಾಲ್ ಒಟ್ಟಿಗೆ ಬರೆದುಬಿಡಿ. ಮೇರೀ ನೌಕ್ರಿ ಕಾ ಸವಾಲ್ ಹೈ."

"ನಿನ್ನ ನೌಕರಿಗೋಸ್ಕರ ತಾನೇ ಕಂದ ಒಂದನ್ನೂ ಬಿಡದೆ ಬರೀತಿರೋದು," ಎಂದರು ಗಿರಿಜಮ್ಮ.

ಮುಗಿಯದ ಪಂದ್ಯವನ್ನು ಮುಗಿದಿದೆ ಎಂದು ಬರೆಯಲು ವೈಜಯಂತಿ ಒಪ್ಪಲಿಲ್ಲ. ‘ಪ್ರಗತಿಯಲ್ಲಿದೆ’ ಎಂದು ಪತ್ರ ಕೊಟ್ಟರು. ಅದನ್ನು ಹಿಡಿದು ರಜತ್ ಮೇಜಿನ ಖಾನೆ ಖಾಲಿ ಮಾಡಲು ನೋಯ್ಡಾಗೆ ಹೋದ.

ಅಲ್ಲಿ ಕಂಪನಿಯ ಮುಖ್ಯಸ್ಥರು ಅವನಿಗಾಗಿ ಕಾಯುತ್ತಿದ್ದರು. ಚಿತ್ರ ತಡವಾಗುತ್ತದೆಂದು ಬೈದು ಉಳಿದ ಗಿರಾಕಿಗಳೆಲ್ಲ ಹನ್ನೊಂದು ನಿಮಿಷದಲ್ಲಿ ಆಟ ಬಿಟ್ಟು ಹೋಗಿದ್ದರು. ಕಿದ್ವಾಯಿ ನಗರದಲ್ಲಿ ಮಾತ್ರ ಒಂದೇ ಆಟ ಐವತ್ತೊಂದು ದಿನದಿಂದ ನಡೆದಿತ್ತು, ವಿಳಂಬದ ದೂರು ಒಂದೂ ಇರಲಿಲ್ಲ. ಹೂಡಿಕೆದಾರರಿಗೆ ಈ ಅಂಕಿಗಳನ್ನು ತೋರಿಸಿಯಾಗಿತ್ತು. ಫೆಬ್ರವರಿ ಒಂದರಿಂದ ದೇಶದ ಗಿರಾಕಿಗಳೆಲ್ಲರೂ ರಿಜಿಸ್ಟರ್ ಇಡತಕ್ಕದ್ದೆಂದು ನಿಯಮವಾಯಿತು. ರಜತ್ ಕಾಯಂ ಆದ. ಆವಕ-ಜಾವಕ ಅಧಿಕಾರಿಯೆಂದು ಸಂಘದಲ್ಲೇ ನೇಮಿಸಿದರು.

ನಾಲ್ಕನೆಯ ಚೆಂಡು ಬಂದಾಗ ಅಚ್ಚಪ್ಪ ಮಡಿಕೇರಿಯಲ್ಲಿದ್ದರು. ರಜತ್ ಸಂಖ್ಯೆ ಬರೆದು, ಮೊಹರು ಒತ್ತಿ, ಅವರಿಗೆ ಫೋನ್ ಮಾಡಿದ.

"ಆರಾಮಾಗಿ ಬನ್ನಿ ಅಂಕಲ್. ಅರ್ಜೆಂಟ್ ಏನಿಲ್ಲ."