ಒಂಬತ್ತನೆಯ ಭಾಗದಲ್ಲಿ ಅಜ್ಜಿಗೆ ಇಪ್ಪತ್ತು ವರ್ಷ

ಹೆಂಡತಿ: ಇವಳು ಅಜ್ಜಿನಾ? ಇವಳಿಗೆ ಮೊಮ್ಮಕ್ಕಳಿರೋದು ಹಾಗಿರ್ಲಿ, ಬುದ್ಧಿಹಲ್ಲೇ ಬಂದಿಲ್ಲ ಕಣ್ರೀ!

ಗಂಡ: ನಿನ್ನ ಅಜ್ಜಿ ಹಾಳಾಗ್ಲಿ, ನನ್ನ ಬಾಣಸಿಗನ್ನ ನೋಡು. ಹೊಟ್ಟೆ ಎಲ್ಲೋಯ್ತು? ಇಷ್ಟು ವರ್ಷ ಆ ಹೊಟ್ಟೇಲೇ ಡಿಕ್ಕಿ ಹೊಡೆದು ಗೆದ್ದಿದ್ದೀನಿ. ಈಗ ಬೆನ್ನಿಗೆ ಹತ್ತಿಸಿಬಿಟ್ಟಿದ್ದಾರೆ!

ಅತ್ತೆ: ಕೈಯಲ್ಲಿ ಸೌಟೂ ಇಲ್ಲ.

ಗಂಡ: ಸೌಟು ತ್ಯಾಗ ಮಾಡಿದ್ದಾನಂತಮ್ಮ. ಚಿಕ್ಕಂದಿನಲ್ಲಿ ಮನಸ್ಸಿಗೇನೋ ನೋವಾಗಿತ್ತಂತೆ. ಅದನ್ನ ಈಗ ಹೇಳ್ಕೋತಾನಂತೆ.

ಅತ್ತೆ: ಈಗಲಾ? ಹೊಡೆದಾಟಕ್ಕೆ ನಿಂತ ಮೇಲಾ?

ಗಂಡ: ಹೂಂ. ಅಜ್ಜಿ ಕಾಲೆತ್ತಿಕೊಂಡು ನಿಂತಿದ್ದಾಳೆ, ಇವನು ಕಣ್ಣೊರೆಸಿಕೊಳ್ತಿದ್ದಾನೆ.

‘ಕೆಂಡಾಮಂಡಲ’ ಎಂಬ ಹೊಡೆದಾಟದ ವಿಡಿಯೋ ಗೇಮಿನ ಒಂಬತ್ತನೆಯ ಭಾಗ ಆ ಸಂಜೆಯಷ್ಟೇ ಮನೆಗೆ ಬಂದಿತ್ತು. ಬೇರೆ ಮನೆಗಳಲ್ಲಿ ಅದು ಆಟ, ಈ ಮನೆಯಲ್ಲಿ ನ್ಯಾಯಾಲಯ. ಮದುವೆಯಾದ ಹೊಸದರಲ್ಲಿ ಕಿಟಕಿಗೆ ನೀಲಿ ಪರದೆಯೋ ಹಳದಿ ಪರದೆಯೋ ಎಂದು ಮಾತು ಬಿಟ್ಟು ಕೂತಿದ್ದ ಗಂಡ ಹೆಂಡಿರು, ಕೊನೆಗೆ ಆಗಿನ ಭಾಗವನ್ನು ಹಾಕಿಕೊಂಡು ಹೊಡೆದಾಡಿ, ಎದ್ದು ಹೋಗಿ ನೀಲಿ ಪರದೆ ತಂದಿದ್ದರು. ಅಂದಿನಿಂದ ದೊಡ್ಡ ವಿಷಯ ಯಾವುದೇ ಬರಲಿ, ಮೂರು ಸುತ್ತಿನ ಕಾಳಗ. ಗೆದ್ದವರ ಮಾತು ನಡೆಯಬೇಕು, ಸೋತವರು ಮುಖ ಊದಿಸಿಕೊಳ್ಳಬಾರದು. ತೀರ್ಪು ಅತ್ತೆಯದು. ಅವರು ಶಾಲೆಯಲ್ಲಿ ಆಟದ ಮೇಡಂ ಆಗಿದ್ದವರು. ನಿವೃತ್ತಿಯ ದಿನ ಸೀಟಿ ವಾಪಸು ಕೊಡುವುದಿಲ್ಲವೆಂದು ಹೆಡ್‌ಮಾಸ್ಟರರ ಜೊತೆ ಜಗಳ ತೆಗೆದು, ಅದನ್ನು ಕೊರಳಲ್ಲಿ ಹಾಕಿಕೊಂಡೇ ಮನೆಗೆ ಬಂದಿದ್ದರು.

ಇಂದಿನ ವಿಷಯ ಪರದೆಯಷ್ಟು ಸಣ್ಣದಲ್ಲ. ಹೆಂಡತಿಗೆ ಕುಡಿಯುವ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ. ದೂರದ ಊರಿನ ಲ್ಯಾಬಿಗೆ ಮುಖ್ಯಸ್ಥೆಯಾಗಿ ಹೋಗುತ್ತೀರಾ ಎಂದು ಮೇಲಿನವರು ಕೇಳಿದ್ದಾರೆ, ಇವತ್ತೇ ಉತ್ತರ ಹೇಳಬೇಕು. ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಗಂಡ ಊರು ಬಿಡುವಂತಿಲ್ಲ. ಹೆಂಡತಿ ಗೆದ್ದರೆ ಹೊರಡುವುದು, ಗಂಡ ಗೆದ್ದರೆ ಅವಳು ಇಲ್ಲೇ ಉಳಿಯುವುದು ಎಂದು ಮಾತಾಯಿತು. ಅತ್ತೆ ಸೀಟಿ ಊದಿದರು.

ಗಂಡ: ಹೊಡಿಯೇ.

ಹೆಂಡತಿ: ನೀವು ಮೊದಲು ಹೊಡೀರಿ.

ಗಂಡ: ಹೋಗೋಳು ನೀನು. ನೀನು ಹೊಡಿ.

ಹೆಂಡತಿ: ತಡೆಯೋರು ನೀವು. ನೀವು... ಅಯ್ಯೋ, ಗುದ್ದೇಬಿಟ್ರಾ!

ಗಂಡ: ನಾನೆಲ್ಲಿ ಗುದ್ದಿದೆ? ಬಟನ್ ಮುಟ್ಟೇ ಇಲ್ಲ. ಅಳ್ತಾ ಅಳ್ತಾ ಇವನೇ ಗುದ್ದಿದ!

ಹೆಂಡತಿ: ನನ್ನವಳೂ ಅಷ್ಟೇ. ಹಿಂದಕ್ಕೆ ಬಾರೇ ಅಂತ ಎಳೆದ್ರೆ ಹಾರಿ ಒದ್ದಳು.

ಅತ್ತೆ ಆಟದ ಡಬ್ಬವನ್ನು ಕೈಗೆತ್ತಿಕೊಂಡು, ಕನ್ನಡಕವನ್ನು ಹಣೆಗೇರಿಸಿ ಹಿಂಬದಿ ಓದಿದರು.

ಅತ್ತೆ: “ಹಿಂದೆ ಬಿದ್ದ ಆಟಗಾರರ ಕೈಯನ್ನು ಇನ್ನು ಮುಂದೆ ಆಟವೇ ಹಿಡಿದು ನಡೆಸುತ್ತದೆ. ಯಾರ ಮನಸ್ಸೂ ನೋಯುವುದಿಲ್ಲ.”

ಗಂಡ: ಹೊಡೆದಾಟದಲ್ಲಿ ಮನಸ್ಸು ನೋಯ್ಬಾರ್ದಾ? ಮತ್ತೇನು ನೋಯ್ಬೇಕಂತೆ?

ಅತ್ತೆ: ಅದನ್ನ ಬರೆದಿಲ್ಲ.

ಗಂಡ: ಇವರ ಕಂಪನಿಗೆ ಬೀಗ ಬೀಳ! ಎಂಟು ಭಾಗ ಕಟ್ಟಿ ನಿಲ್ಲಿಸಿದ ಹೆಸರನ್ನ ಒಂದೇ ಏಟಿಗೆ ನೀರುಪಾಲು ಮಾಡಿದ್ರಲ್ಲ!

ಟಿವಿಯ ತುಂಬ ಬಣ್ಣದ ಕಾಗದದ ಚೂರು ಉದುರಿದವು. ‘ಇಬ್ಬರೂ ಗೆದ್ದಿದ್ದೀರಿ!’ ಎಂದು ಅಕ್ಷರ ಮೂಡಿತು. ಅಜ್ಜಿಯೆಂಬ ತರುಣಿಯೂ ಬಡಕಲು ಬಾಣಸಿಗನೂ ಒಬ್ಬರನ್ನೊಬ್ಬರು ಅಪ್ಪಿಕೊಂಡರು.

ಅತ್ತೆ: ಇದನ್ನ ನಾನು ಲೆಕ್ಕಕ್ಕೆ ತಗೊಳ್ಳಲ್ಲ. ಎರಡನೇ ಸುತ್ತು!

ಸೀಟಿ ಕೇಳಿದ್ದೇ ತಡ, ಹೆಂಡತಿ ಕೈಯಲ್ಲಿದ್ದ ರಿಮೋಟನ್ನು ದಿಂಬಿನ ಮೇಲಿಟ್ಟು ಎದ್ದಳು.

ಗಂಡ: ಎಲ್ಲಿಗೆ?

ಹೆಂಡತಿ: ನೀರು ಕುಡಿದು ಬರ್ತೀನಿ. ನೀವು ಹೊಡೀತಾ ಇರಿ, ಪರವಾಗಿಲ್ಲ.

ಗಂಡ: ಆಡೋರಿಲ್ಲದ ಅಜ್ಜೀನ ಹೊಡೆಯೋಕೆ ನಾನೇನು ಕಟುಕನಾ?

ಆದರೆ ಆಡುವವರಿಲ್ಲದ ಅಜ್ಜಿಯೇ ಕೆರಳಿ ಬಂದಳು. ಒದೆತದ ಮೇಲೆ ಒದೆತ. ಗಂಡನ ಮುಖ ಅರಳಿತು, ಆದರೆ ಅರಳಿದ್ದು ಸ್ವಲ್ಪ ಹೊತ್ತು. ಬಾಣಸಿಗ ಇನ್ನೇನು ಮಕಾಡೆ ಬೀಳಬೇಕು, ಅಷ್ಟರಲ್ಲಿ ಮೈಗೆ ಹೊಂಬಣ್ಣ ಬಂದು ಸಟಕ್ಕನೆ ಎದ್ದು ನಿಂತ. ಮರುಕ್ಷಣವೇ ಅಖಾಡದ ಪಕ್ಕದ ಪ್ರಪಾತದ ಕಡೆಗೆ ಓಡಿದ. ಹೆಂಡತಿ ಬಾಗಿಲಿಗೆ ಬರುವ ಹೊತ್ತಿಗೆ ಮತ್ತೆ ಕಾಗದದ ಚೂರು, ಮತ್ತೆ ಅಪ್ಪುಗೆ.

ಹೆಂಡತಿ: ಇನ್ನೂ ಸೋತಿಲ್ವಾ ನಾನು?

ಗಂಡ: ಎಲ್ಲಿ ಸೋಲ್ತೀಯ! ನಾನೂ ಪ್ರಪಾತಕ್ಕೆ ಬೀಳೋಣ ಅಂತ ಅಂಚಿಗೆ ಹೋದ್ರೆ, ಈ ದರಿದ್ರದೋರು ಅಲ್ಲಿಗೂ ಬೇಲಿ ಹಾಕಿದ್ದಾರೆ!

ಅತ್ತೆ ಸೀಟಿ ಎಷ್ಟು ಜೋರಾಗಿ ಊದಿದರೆಂದರೆ ಗಂಡ ಸೋಫಾದಿಂದ ಅರ್ಧ ಎದ್ದ.

ಅತ್ತೆ: ಏನಂದೆ? ಬೀಳೋಣ ಅಂತ ಹೋದ್ಯಾ?

ಗಂಡ: ಬಾಯಿ ತಪ್ಪಿ ಬಂತಮ್ಮ.

ಅತ್ತೆ: ಕಾಲೂ ತಪ್ಪಿ ಹೋಯ್ತಾ? ಕಣ್ಣಾರೆ ನೋಡಿದೆ. ಓಡ್ಕೊಂಡು ಹೋದ ಅವನು.

ಹೆಂಡತಿ: ಅಂದ್ರೆ ಬೇಕು ಅಂತಾನೇ ಸೋಲ್ತಿದ್ರಾ? ನನ್ನನ್ನ ಸಾಗಹಾಕೋಕಾ? ಅಷ್ಟು ಭಾರವಾದ್ನಾ ನಾನು?

ಗಂಡ: ನೋಡು, ಶುರುವಾಯ್ತು. ಇದಕ್ಕೇ ನಾನು ಬಾಯಿ ಬಿಡ್ಲಿಲ್ಲ. ಹೋಗು ಅಂದ್ರೆ ಸಾಗಹಾಕ್ತೀರಾ ಅಂತೀಯ, ಬೇಡ ಅಂದ್ರೆ ಕಾಲಿಗೆ ಅಡ್ಡ ಬಂದ್ರಿ ಅಂತೀಯ. ಸೋತುಬಿಟ್ರೆ ಯಾವ ಮಾತೂ ಬರಲ್ಲ.

ಹೆಂಡತಿ: ನಾನು ಯಾಕೆ ಹೋಗ್ಬೇಕು ಅಂತ ನಿಮಗೆ?

ಗಂಡ: ತಟ್ಟೆ ಮುಂದೆ ಕೂತಾಗೆಲ್ಲ ನಿನ್ನ ಮ್ಯಾನೇಜರ್ ಪುರಾಣ ಕೇಳಿ ಕೇಳಿ ನನಗೆ ಸಾಕಾಗಿದೆ ಕಣೇ. ಅವನಿಗೆ ತಿಳಿನೀರಿಗೂ ಕೊಚ್ಚೆಗೂ ವ್ಯತ್ಯಾಸ ಗೊತ್ತಿಲ್ಲ ಅಂತೀಯ. ಎಲ್ಲ ಗೊತ್ತಿರೋಳು ನೀನು. ಅಂಥ ಕುರ್ಚೀಲಿ ನೀನು ಕೂತಿರೋದನ್ನ ನೋಡ್ಬೇಕು ಅಂತ ನನಗೆ ಆಸೆ. ಆಸೆ ಅಂದ್ರೆ ಆಸೆ, ಅಷ್ಟೆ.

ಅತ್ತೆ: ನಿಮ್ಮಣ್ಣ ಬಂದು, ಹೆಂಡ್ತೀನ ಯಾಕೋ ಕಳಿಸಿದೆ ಅಂತ ಕೇಳಿದ್ರೆ?

ಗಂಡ: ಆಟದಲ್ಲಿ ಸೋತೆ ಅಂತೀನಿ.

ಅತ್ತೆ: ಆಸೆ ನಿನ್ನದು, ತಪ್ಪು ಬಾಣಸಿಗನದು. ಚೆನ್ನಾಗಿದೆ. ನೀನು ಯಾಕಮ್ಮ ಎದ್ದು ಹೋದೆ?

ಹೆಂಡತಿ: ಬಾಯಾರಿಕೆ ಅತ್ತೆ.

ಅತ್ತೆ: ಹಿಂದಿನ ಭಾಗ ಆಡ್ತಾ ಒಲೆ ಮೇಲಿದ್ದ ಹಾಲು ಉಕ್ಕಿ, ಸೀದು, ಪಾತ್ರೆ ತಳ ಹಿಡಿದ್ರೂ ಎದ್ದಿರ್ಲಿಲ್ಲ ನೀನು. ಇವತ್ತು ನಿನ್ನ ಪಕ್ಕದಲ್ಲೇ ತುಂಬಿದ ಲೋಟ ಇದೆ.

ಹೆಂಡತಿ ಲೋಟವನ್ನು ನೋಡಿದಳು. ಸೋಫಾದ ಅಂಚಿನಲ್ಲಿ ಕೂತಳು.

ಹೆಂಡತಿ: ನನಗೆ ಹೆದರಿಕೆ ಅತ್ತೆ. ಈ ನೀರು ಕುಡೀಬಹುದು ಅಂತ ಇಡೀ ಊರಿಗೆ ಸಹಿ ಹಾಕ್ಕೊಡೋಳು ನಾನು. ಇಷ್ಟು ದಿನ ಏನಾದ್ರೂ ಎಡವಟ್ಟಾದ್ರೆ ಬೈಯೋಕೆ ಒಬ್ಬ ಇದ್ದ. ಅಲ್ಲಿ ಹೋದ್ರೆ ಆ ಒಬ್ಬ ನಾನೇ. ಇವರು ಗೆದ್ದುಬಿಟ್ಟಿದ್ರೆ, ಮನೇಲಿ ಬಿಡ್ಲಿಲ್ಲ ಸರ್ ಅಂತ ಹೇಳಿ ಕೈ ತೊಳ್ಕೋತಿದ್ದೆ.

ಗಂಡ: ಆಹಾ! ನಿಮ್ಮ ಆಫೀಸಿನೋರೆಲ್ಲ ನನ್ನ ಮುಖಕ್ಕೆ ಮಂಗಳಾರತಿ ಎತ್ಲಿ ಅಂತ!

ಹೆಂಡತಿ: ನೀವು ಮಾತ್ರ ನಿಮ್ಮಣ್ಣನ ಮುಂದೆ ಪಾಪದವರಾಗೋಕೆ ಹೊರಟಿರ್ಲಿಲ್ವಾ?

ಗಂಡ: ನಾನು ನಿನಗೋಸ್ಕರ ಸೋಲ್ತಿದ್ದೆ!

ಹೆಂಡತಿ: ನಾನು ನಿಮಗಿಂತ ಚೆನ್ನಾಗಿ ಸೋಲ್ತಿದ್ದೆ!

ಅತ್ತೆ: ಸಾಕು! ಸೋಲೋಕೆ ಪೈಪೋಟಿ ಮಾಡೋ ದಂಪತಿಗಳನ್ನ ಇವತ್ತೇ ನೋಡಿದ್ದು. ಇಬ್ಬರಿಗೂ ಬಾಯಿ ಬಿಡೋ ಧೈರ್ಯ ಇಲ್ಲ, ಆಟದೋರಿಗೆ ಹಿಡಿಶಾಪ ಹಾಕ್ತೀರಿ. ಮೂರನೇ ಸುತ್ತು ಬಾಯಲ್ಲೇ ಆಗ್ಲಿ.

ಅವರು ಎದ್ದು ಟಿವಿ ಆರಿಸಿದರು.

ಅತ್ತೆ: ಹೇಳಮ್ಮ. ಹೆದರಿಕೆ ಒಂದು ಪಕ್ಕಕ್ಕಿಡು. ಆ ಕೆಲಸ ಬೇಕಾ, ಬೇಡ್ವಾ?

ಹೆಂಡತಿ: ಹೆದರಿಕೆ ಪಕ್ಕಕ್ಕಿಟ್ರೆ... ಬೇಕು ಅತ್ತೆ. ತುಂಬಾ ಬೇಕು.

ಅತ್ತೆ: ಹಾಗಾದ್ರೆ ಹೆದರಿಕೊಂಡೇ ಹೋಗು. ಶಾಲೇಲಿ ಮೊದಲ ದಿನ ನಾನು ಸೀಟಿ ಬಾಯಿಗಿಟ್ರೆ ಸದ್ದೇ ಬರ್ಲಿಲ್ಲ. ಊದೋಕೆ ಉಸಿರಿದ್ರೆ ತಾನೇ! ಮಕ್ಕಳೆಲ್ಲ ಸೀಟಿ ಕೆಟ್ಟಿದೆ ಅಂದ್ಕೊಂಡ್ರು. ನಾನೂ ಹೌದು ಅಂತ ಸುಮ್ಮನಾದೆ.

ಹೆಂಡತಿ ನಕ್ಕಳು. ನಕ್ಕು ಮುಗಿಯುವ ಮೊದಲೇ, ಮನಸ್ಸು ಬದಲಾಗುವುದರೊಳಗೆ, ಮೇಲಿನವರಿಗೆ ಫೋನ್ ಮಾಡಿದಳು.

ಹೆಂಡತಿ: ಸರ್, ಬರ್ತೀನಿ... ಮನೇಲಾ? ಮನೇಲಿ ಯಾರೂ ತಳ್ಳಲಿಲ್ಲ ಸರ್, ಯಾರೂ ಹಿಡೀಲೂ ಇಲ್ಲ. ನಾನೇ ಬರ್ತಿದ್ದೀನಿ... ಸೋಮವಾರಾನಾ? ಆಗ್ಲಿ ಸರ್.

ಗಂಡ: ಯಾವ ಸೋಮವಾರ?

ಹೆಂಡತಿ: ಬರೋ ಸೋಮವಾರ ಕಣ್ರೀ. ಆ ದೊಡ್ಡ ಸೂಟ್‌ಕೇಸ್ ಎಲ್ಲಿಟ್ಟಿದ್ದೀರಿ? ಇರ್ಲಿ, ನಾನೇ ಹುಡುಕ್ತೀನಿ.

ಅವಳು ಒಳಗೆ ಹೋದಳು. ಕಪಾಟಿನ ಬಾಗಿಲು ತೆರೆದ ಸದ್ದು, ಹ್ಯಾಂಗರುಗಳು ಸರಿದ ಸದ್ದು, ನಡುವೆ ಯಾವುದೋ ಹಾಡಿನ ಗುನುಗು ಕೇಳಿಸಿತು.

ಗಂಡ: ಅಮ್ಮ, ಅವಳು ನಿಜವಾಗ್ಲೂ ಹೋಗ್ತಾಳೆ.

ಅತ್ತೆ: ಅದೇ ಬೇಕಿತ್ತಲ್ಲ ನಿನಗೆ?

ಗಂಡ: ಬೇಕಿತ್ತು. ಈಗಲೂ ಬೇಕು. ಆದ್ರೆ ಅವಳಿಲ್ಲದೆ ಈ ಮನೇಲಿ ಹೇಗಿರ್ಲಮ್ಮ ನಾನು?

ಅತ್ತೆ: ಸೋಲು ಅಂದ್ರೆ ಅದೇ ಕಣೋ. ಇಷ್ಟು ಹೊತ್ತು ಅದೇ ಬೇಕು ಅಂತ ಒದ್ದಾಡ್ತಿದ್ದೆಯಲ್ಲ, ಸಿಕ್ತು ತಗೋ.

ಗಂಡ ಡಬ್ಬವನ್ನೆತ್ತಿಕೊಂಡು, ಅದರ ಹಿಂಬದಿಯನ್ನು ಇನ್ನೊಮ್ಮೆ ನಿಧಾನವಾಗಿ ಓದಿದ. ಅಂಗಿಯ ತುದಿಯಿಂದ ಅದರ ಧೂಳು ಒರೆಸಿದ. ಇವತ್ತೇ ಬಂದ ಡಬ್ಬ, ಅದರ ಮೇಲೆ ಧೂಳೇನೂ ಇರಲಿಲ್ಲ.

ಗಂಡ: ಈ ಕಂಪನಿಯೋರನ್ನ ಸುಮ್ಮನೆ ಬೈದೆ ಕಣಮ್ಮ. ಪಾಪ, ಒಳ್ಳೇ ಜನ.