ಹಳದಿ ಗೌಡನ ಮೈಗೆ ಹತ್ತಿದ್ದು

ಹಳದಿ ಮೀನು ಕಲ್ಲಿಗೆ ಮೈ ಉಜ್ಜಿದ್ದು ಆ ದಿನ ಚಂದ್ರಾಮನ ಕಣ್ಣಿಗೆ ಬೀಳಬಾರದಿತ್ತು.

ಕೊಂಡಾಪುರದ ಆ ಸಾಫ್ಟ್‌ವೇರ್ ಕಚೇರಿಯ ಒಳಬಾಗಿಲಲ್ಲೇ ಉಪ್ಪುನೀರಿನ ದೊಡ್ಡ ಗಾಜಿನ ತೊಟ್ಟಿ. ಅಲ್ಲಿ ಚಹಾ ಕೊಡುವ ಕೆಲಸ ಚಂದ್ರಾಮನದು. ಯಾದಗಿರಿ ಕಡೆಯವನು, ಇಲ್ಲಿಗೆ ಬರುವ ಮೊದಲು ಇಪ್ಪತ್ತು ವರ್ಷ ಕುರಿ ಕಾದವನು. ಕಚೇರಿಯಲ್ಲಿ ಮುನ್ನೂರು ಮಂದಿ ಇದ್ದರೂ, ಅವನು ಬಂದ ಕೂಡಲೇ ಎದುರಿಗೆ ಬಂದು ನಿಲ್ಲುತ್ತಿದ್ದುದು ಆ ಮೀನು ಒಂದೇ. ಅಂಗೈ ಅಗಲದ ಮೈ, ಚಾವಡಿಯಲ್ಲಿ ಕೂತವನ ಗತ್ತು. ಚಂದ್ರಾಮ ಅದಕ್ಕೆ ಗೌಡ ಎಂದು ಹೆಸರಿಟ್ಟಿದ್ದ.

ಈಗ ಗೌಡನ ಮೈಮೇಲೆಲ್ಲ ಸಾಸಿವೆ ಚೆಲ್ಲಿದಂತೆ ಕರಿ ಚುಕ್ಕೆ. ಹೋದ ವಾರವಷ್ಟೇ ತೊಟ್ಟಿಗೆ ಬಂದಿದ್ದ ಬೆರಳುದ್ದದ ನೀಲಿ ಮೀನೊಂದು ಅವನ ಪಕ್ಕೆಗೆ ಹತ್ತಿಕೊಂಡು ಕುಟುಕುತ್ತಿತ್ತು.

ತೊಟ್ಟಿ ನೋಡಿಕೊಳ್ಳುವ ರಾಯಚೂರಿನ ಹುಸೇನಪ್ಪ, ವಿಮಾನದಲ್ಲಿ ಬರುವ ಮೀನು ತರಲು ಶಂಶಾಬಾದಿನ ವಿಮಾನ ನಿಲ್ದಾಣಕ್ಕೆ ಹೋಗಿದ್ದ. ಚಂದ್ರಾಮ ಫೋನ್ ಹಚ್ಚಿದ.

"ಹುಸೇನಪ್ಪಾ, ಗೌಡನ ಮೈಗೆ ಏನೋ ಹತ್ತೈತಿ. ಕಲ್ಲಿಗೆ ಉಜ್ಜಾಕತ್ತಾನ."

"ಹುಳ ಅದು. ಸಿಹಿನೀರಾಗ ಐದು ನಿಮಿಷ ಬಿಟ್ರ ಸಾಯ್ತೈತಿ. ಆದ್ರ ನೀ ಕೈ ಹಾಕಬ್ಯಾಡ, ಸಂಜಿಗೆ ನಾನ ಬಂದು ಮಾಡ್ತೀನಿ. ವಿಮಾನ ಇನ್ನಾ ಬಂದಿಲ್ಲ."

ಸಂಜೆಯ ತನಕ ಕಾಯಬಹುದಿತ್ತು. ಆದರೆ ನೆಲ ಒರೆಸುತ್ತಿದ್ದ ಶಿವದೇವಿ ಬಕೆಟ್ ಇಳಿಸಿ ಗಾಜಿಗೆ ಮುಖ ಒತ್ತಿದಳು.

"ಯಣ್ಣಾ, ಕಣ್ಣ ಮುಂದ ತಿನ್ನಾಕತ್ತೈತಲ್ಲೋ! ಸುಮ್ನ ನಿಂತೀಯಲ್ಲ, ನೀ ಕುರಿ ಕಾದಿಯೋ, ಕುರೀನ ನಿನ್ನ ಕಾದಾವೋ?"

ಅಷ್ಟರಲ್ಲಿ ಕಚೇರಿಯ ಇಂಜಿನಿಯರ್, ಮೈಸೂರಿನ ವಿನಾಯಕ ಬಂದ. ಕೇಳಿದ ಕೂಡಲೇ ಹೋಗಿ ಕಂಪ್ಯೂಟರಿನಲ್ಲಿ ನೋಡಿ ಬಂದ. "ಮೈಗೆ ಹತ್ತೋ ಹುಳ ಅಂದ್ರೆ ಪರೋಪಜೀವಿ, ಇನ್ನೊಂದರ ಮೈಮೇಲೆ ಇದ್ಕೊಂಡು ಅದನ್ನೇ ತಿನ್ನೋದು ಅಂತ ಬರೆದಿದ್ದಾರೆ, ಚಂದ್ರಾಮಣ್ಣ. ಚಿತ್ರಾನೂ ಇತ್ತು, ಮೀಟಿಂಗಿಗೆ ಕರೆದ್ರು, ನೋಡಲಿಲ್ಲ. ನೋಡೋದೇನಿದೆ, ಅದೇ ಇದು!"

"ಉಣ್ಣಿ ಇದ್ದಂಗ," ಎಂದ ಚಂದ್ರಾಮ. "ಚುಕ್ಕಿ ನೋಡ್ರಿ ಸಾಹೇಬ್ರ, ಅದು ಕಚ್ಚಿದ ಗುರುತು."

ಚಹಾ ಸೋಸುವ ಜಾಲರಿಗೆ ಕೋಲು ಕಟ್ಟಿ ತೊಟ್ಟಿಗೆ ಇಳಿಸಿದ. ನೀಲಿ ಮೀನು ಸಂತೆಯಲ್ಲಿ ಹಗ್ಗ ಬಿಚ್ಚಿಕೊಂಡ ಹೋತದಂತೆ ಓಡಾಡಿಸಿತು. ಚಂದ್ರಾಮನ ಅಂಗಿ ತೋಯಿತು, ವಿನಾಯಕನ ಬೂಟಿನಲ್ಲಿ ನೀರು ತುಂಬಿತು, ಶಿವದೇವಿ ಒರೆಸಿದ ನೆಲ ಕೆರೆಯಾಯಿತು. ಜಾಲರಿ ಹತ್ತಿರ ಬಂದಾಗಲೆಲ್ಲ ಗೌಡ ಅಡ್ಡ ಬರುತ್ತಿದ್ದ.

"ಹೆದರಬ್ಯಾಡೋ ಗೌಡಾ, ನಿನಗೇನೂ ಮಾಡಂಗಿಲ್ಲ," ಎಂದು ಚಂದ್ರಾಮ ಅವನನ್ನು ಮೆಲ್ಲಗೆ ಸರಿಸಿದ.

ಕೊನೆಗೂ ಸಿಕ್ಕಿತು. ಬಕೆಟಿನ ಸಿಹಿನೀರಿಗೆ ಬಿಟ್ಟರು. ಎರಡು ಸುತ್ತು ಸುತ್ತಿ, ಐದು ನಿಮಿಷವೂ ತುಂಬುವ ಮೊದಲೇ ಅದು ಅಡ್ಡಬಿತ್ತು.

ವಿನಾಯಕ ಇಡೀ ಕಚೇರಿಗೆ ಮೇಲ್ ಹಾಕಿದ. ಊಟದ ಹೊತ್ತಿಗೆ ಜನ ಬಂದು ಬಂದು ಚಂದ್ರಾಮನ ಕೈ ಕುಲುಕಿದರು. ಈವರೆಗೆ ಅವನ ಹೆಸರೇ ಗೊತ್ತಿರದವರೂ ಕುಲುಕಿದರು. ಗೌಡ ಆಗಲೇ ಮೂಲೆಯ ಕಲ್ಲಿನ ಮಗ್ಗುಲಿಗೆ ಹೋಗಿ, ರೆಕ್ಕೆ ಅಗಲಿಸಿ, ತಲೆ ತಗ್ಗಿಸಿ ಅಲುಗಾಡದೆ ನಿಂತಿದ್ದ.

"ನೋಡ್ರಿ, ಹ್ಯಾಂಗ ಆರಾಮಾಗಿ ನಿಂತಾನ!" ಎಂದು ಚಂದ್ರಾಮ ಬಂದವರಿಗೆಲ್ಲ ತೋರಿಸಿದ. ಮಧ್ಯಾಹ್ನ ಮೇವು ಹಾಕಿದರೂ ಗೌಡ ಜಾಗ ಬಿಡಲಿಲ್ಲ.

ಸಂಜೆ ಹುಸೇನಪ್ಪ ಬಂದ. ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ. ಅದರಲ್ಲಿ ಬೆರಳುದ್ದದ ನೀಲಿ ಮೀನೊಂದು ಹೊಟ್ಟೆ ಮೇಲಾಗಿ ತೇಲುತ್ತಿತ್ತು.

ಚಂದ್ರಾಮ ಬೆಚ್ಚಿದ. "ಈ ಹುಳ ಮತ್ಯಾಕ ತಂದಿ ಮಾರಾಯಾ?"

"ಹುಳ ಅಂತೀಯಲ್ಲೋ, ಡಾಕ್ಟರ್ ಇವ! ಗೌಡನ ಮೈಮ್ಯಾಲ ಕರಿ ಚುಕ್ಕಿ ಅದಾವಲ್ಲ, ಅವು ಹುಳ. ಇಂಥಾವರು ಮೈಮ್ಯಾಲಿನ ಹುಳ ಆರಿಸಿ ತಿಂತಾರ. ಒಬ್ಬನ ಕೈಲೆ ಆಗಂಗಿಲ್ಲ ಅಂತ ಎರಡನೇದವನ್ನ ತರಿಸಿದೆ. ವಿಮಾನ ತಡಾ ಆಗಿ ಚೀಲದಾಗ ಸತ್ತ. ಇರ್ಲಿ ಬಿಡು, ಹೋದ ವಾರ ಬಿಟ್ಟಾವ ಅದಾನಲ್ಲ."

ಶಿವದೇವಿಗೆ ಮೇಲಿನ ಮಹಡಿಯಲ್ಲಿ ಕಸ ಉಳಿದದ್ದು ನೆನಪಾಯಿತು. ವಿನಾಯಕನಿಗೆ ಇನ್ನೊಂದು ಮೀಟಿಂಗ್ ಬಂತು.

ಹುಸೇನಪ್ಪ ಗಾಜಿನೊಳಗೆ ಹುಡುಕಿದ. "ಎಲ್ಲದಾನ?"

ಚಂದ್ರಾಮ ಬಕೆಟಿನ ಕಡೆ ಕೈ ಮಾಡಿದ.

ಹುಸೇನಪ್ಪ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬಕೆಟ್ ನೋಡಿ, ತೊಟ್ಟಿಯತ್ತ ತಿರುಗಿ, "ಗೌಡ ಹಿಂಗ ಯಾವಾಗಿಂದ ನಿಂತಾನ?" ಎಂದ.

"ಮುಂಜಾನಿಂದ. ಆರಾಮ ಆತು ಅಂತ ನಾ…"

"ಆರಾಮ ಅಲ್ಲೋ. ಆ ಕಲ್ಲ ಡಾಕ್ಟರನ ದವಾಖಾನಿ. ಪಾಳಿ ಹಚ್ಚಿ ನಿಂತಾನ."

ಗೌಡನನ್ನು ಅದ್ದಲು ಬೇರೆ ಸಿಹಿನೀರು ಹದ ಮಾಡಬೇಕೆಂದು ಹುಸೇನಪ್ಪ ಒಳಗೆ ಹೋದ. ಚಂದ್ರಾಮ ತೋಯ್ದ ಅಂಗಿಯಲ್ಲೇ ತೊಟ್ಟಿಗೆ ಕೈ ಇಳಿಸಿದ. ನೂರಾರು ಕುರಿಗಳ ಉಣ್ಣಿ ಕಿತ್ತ ಕೈ. ಗೌಡ ಮೆಲ್ಲಗೆ ಕಲ್ಲು ಬಿಟ್ಟು ಬಂದ. ಆ ಬೆರಳ ಪಕ್ಕದಲ್ಲಿ ರೆಕ್ಕೆ ಅಗಲಿಸಿ, ತಲೆ ತಗ್ಗಿಸಿ, ಮತ್ತೆ ಕಾಯುತ್ತ ನಿಂತ.