ಮಾವನ ರಕ್ತದ ಪಹರೆಯವರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಸೋದರಮಾವ ಬೆಟಗೇರಿಯಲ್ಲಿ ಸೀರೆ ನೇಯುವುದರ ಜೊತೆಗೆ ಸೊಳ್ಳೆಗಳನ್ನೂ ಸಾಕುತ್ತಿದ್ದರು; ಆ ಸೊಳ್ಳೆಗಳಿಗೆ ಬಂದ ಗಂಡಾಂತರವನ್ನು ತಪ್ಪಿಸಿದ ಮಹಾತ್ಮ ನಾನೇ. ಹೇಗೆಂದು ಆಮೇಲೆ ಹೇಳುತ್ತೇನೆ. ನನ್ನ ಮೂರ್ಖತನ ಎಲ್ಲಿಗೂ ಓಡಿಹೋಗುವುದಿಲ್ಲ. ಹಿರಿಯರಲ್ಲವೇ, ಮಾವನ ಮೂರ್ಖತನಕ್ಕೇ ಮೊದಲ ಮರ್ಯಾದೆ!

ಅದು ಎಪ್ಪತ್ತರ ದಶಕ. ನಮ್ಮೂರ ನಲ್ಲಿಗಳು ಮನಸ್ಸು ಬಂದಾಗ ಕೆಮ್ಮುತ್ತಿದ್ದವು, ಇನ್ನೂ ಮನಸ್ಸಾದರೆ ಒಂದಿಷ್ಟು ನೀರು ಉಗುಳುತ್ತಿದ್ದವು. ಹಾಗಾಗಿ ಎಲ್ಲರ ಮನೆಯಲ್ಲೂ ಹಂಡೆ, ಕೊಡ, ಬ್ಯಾರಲ್ಲುಗಳ ತುಂಬ ಹಳೆಯ ನೀರು. ಮಾವ ಒಂದು ಹೆಜ್ಜೆ ಮುಂದೆ. ಅವರದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಬಿಸಿಲಿಗೆ ನೂಲು ಒಣಗಿ ಹರಿಯಬಾರದೆಂದು ಉಳಿದ ನೇಕಾರರು ಗುಂಡಿಗೆ ನೀರು ಚಿಮುಕಿಸಿದರೆ, ಮಾವ ಅದರೊಳಗೆ ನೀರು ತುಂಬಿದ ಒಂದು ದೊಡ್ಡ ಮಣ್ಣಿನ ಹರವಿಯನ್ನೇ ಹೂತಿದ್ದರು. ಆ ನೀರನ್ನು ಚೆಲ್ಲುವಂತಿಲ್ಲ, ಮೇಲೆ ಮೇಲೆ ತುಂಬುವುದಷ್ಟೇ. ಒಳಗೆ ಬಾಲ ಕುಣಿಸುವ ಹುಳಗಳು, ಮೇಲೆ ಪಟ್ಟೆಗಾಲಿನ ಸೊಳ್ಳೆಗಳು, ನಡುವೆ ಮಾವನ ಎರಡು ಕಾಲು. ಹಾಡಹಗಲೇ ಪಂಕ್ತಿಭೋಜನ!

“ಮಾಮಾ, ಸೊಳ್ಳಿ ಕಡ್ಯಾಕತ್ತಾವು.”

“ಕಡೀಲಿ ಬಿಡಲೇ. ನನ್ನ ರಕ್ತದಾಗ ಪಹರೆದವರು ಅದಾರ. ದಿನಾ ಒಂದೀಟು ಕಡಿಸ್ಕೊಂಡ್ರ ಅವರು ಎಚ್ಚರ ಇರ್ತಾರ. ಪೈಲ್ವಾನಗ ದಿನಾ ಕುಸ್ತಿ ಬ್ಯಾಡೇನು?”

ನೂಲು ಸುತ್ತುತ್ತಿದ್ದ ಅತ್ತೆ ತಲೆ ಎತ್ತದೆ ಕೇಳಿದರು: “ಅಷ್ಟು ಎಚ್ಚರ ಇದ್ರ, ಮಳಿಗಾಲದಾಗ ನಿಮಗ ನೆಗಡಿ ಯಾವ ಬಾಗಿಲಿಂದ ಬಂತು?”

“ನೆಗಡಿ ಬೀಗರಿದ್ದಂಗ. ತಡೀಬಾರ್ದು!”

ಇಂಥ ಮಾವ ಸಿಕ್ಕರೆ ನಕಲು ಮಾಡುವವನಿಗೆ ಇನ್ನೇನು ಬೇಕು? ಚಹಾದಂಗಡಿಯ ಕಟ್ಟೆಯ ಮೇಲೆ ಕೂತು, ಚರಂಡಿಗೆ ಕಾಲು ಇಳಿಬಿಟ್ಟು, ಅವರದೇ ಕೆಮ್ಮು, ಅವರದೇ ಗತ್ತಿನಲ್ಲಿ ನಾನು ಭಾಷಣ ಬಿಗಿಯುತ್ತಿದ್ದೆ. ಅಂಗಡಿಯವರು ಮೆಚ್ಚಿ ಹೇಳಿದರು: “ಖರೇನ ನಿಮ್ಮ ಮಾಮಾನ ಬಂದಂಗಾತು. ಅವರು ದುಡೀತಾರ, ನೀ ದುಡಿಯೂದಿಲ್ಲ, ಅಷ್ಟ ಫರಕು.”

ಆ ವರ್ಷ ನನ್ನ ಅಕ್ಕನಿಗೆ ಮುಂಡರಗಿಯ ಗಂಡು ಗೊತ್ತಾಯಿತು. ನಮ್ಮ ಮನೆತನದ ಹೆಣ್ಣು ಸೋದರಮಾವ ನೇಯ್ದ ಸೀರೆಯುಟ್ಟೇ ಹಸೆಗೆ ಏರಬೇಕು. ಮಾವ ಸಂಭ್ರಮದಿಂದ ಮಗ್ಗಕ್ಕೆ ಮದುವೆ ಸೀರೆಯ ಹಾಸು ನೂಲು ಏರಿಸಿದರು. ಒಂದು ಮಧ್ಯಾಹ್ನ ಅವರು ಲಕ್ಷ್ಮೇಶ್ವರಕ್ಕೆ ಹೋಗಿದ್ದಾಗ, ನೀರಿಗೆ ಸೊಳ್ಳೆ ಔಷಧ ಹಾಕುವಾತ ಮಾವನ ಮನೆ ಬಾಗಿಲು ಬಡಿದ. ಒಳಗೆ ನಾನೊಬ್ಬನೇ ಇದ್ದೆ.

“ಸೊಳ್ಳಿ ಅದಾವೇನ್ರಿ?”

ನನ್ನ ನಾಲಗೆ ಸುಮ್ಮನಿರಬೇಕಲ್ಲ! ಬಾಗಿಲ ಹಿಂದೆ ನಿಂತು ಮಾವನ ಕೆಮ್ಮು ಕೆಮ್ಮಿದೆ. “ನಮ್ಮನ್ಯಾಗ ಅದರ ಹೆಸರೂ ಇಲ್ಲ. ಎಲ್ಲಾ ಸರಿ ಐತಿ. ಮುಂದ ನಡಿಯಪಾ!”

“ಆತ್ರಿ ಯಜಮಾನ್ರ,” ಎಂದು ಪಾಪ, ಹೋಗಿಯೇಬಿಟ್ಟ. ನಾನು ಬಿದ್ದು ಬಿದ್ದು ನಕ್ಕೆ. ನನ್ನಂಥ ಕಲಾವಿದ ಯಾವ ನಾಟಕ ಕಂಪನಿಯಲ್ಲಿದ್ದಾನೆ?

ಸೀರೆ ಅರ್ಧಕ್ಕೆ ಬಂದಾಗ ಮಾವನಿಗೆ ಮೈಕೈ ಮುರಿಯುವ ಜ್ವರ ಬಂತು. ಬೆರಳುಗಳು ಎಳೆ ಬದನೆಕಾಯಿಯಂತೆ ಊದಿಕೊಂಡವು. ಲಾಳಿ ಹಿಡಿಯುವುದಿರಲಿ, ರೊಟ್ಟಿ ಮುರಿಯಲೂ ಆಗದು. ಓಣಿಯ ಡಾಕ್ಟರು ಹರವಿ ಕಂಡು ಹಣೆ ಹಣೆ ಬಡಿದುಕೊಂಡರು.

“ಮೈಯಾಗ ಪಹರೆ ಇರೂದು ಖರೆ,” ಎಂದರು. “ಕಳ್ಳ ಬಾಗಿಲ ಮುರದು ಬಂದ್ರ ಅವರು ಒದರ್ತಾರ. ಈ ವೈರಸ್ ಹಂಗಲ್ಲ. ಸೊಳ್ಳಿ ಉಗುಳಿನ ಜೋಡಿ ಸುಮ್ಮನ ಒಳಗ ಇಳೀತೈತಿ. ಒದರೋ ಪಹರೆದವನ ಬಾಯಿ ಕಟ್ಟಿ, ಅವನ ಗುಡಿಸಲದಾಗ ಕುಂತು, ‘ಎಲ್ಲಾ ಸರಿ ಐತಿ’ ಅಂತ ನಂಬಸ್ತೈತಿ. ಗದ್ದಲ ಏಳೂದ್ರೊಳಗ ಮನಿ ತುಂಬ ಮರಿ ಹಾಕಿರ್ತೈತಿ.”

ನಾನು ಗೋಡೆಯ ಹಲ್ಲಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಬಾಗಿಲ ಹಿಂದೆ ನಿಂತು ಯಜಮಾನನ ದನಿ ತೆಗೆಯುವ ವಿದ್ಯೆ ಆ ದರಿದ್ರ ವೈರಸ್ಸಿಗೂ ಬರುತ್ತದೆಯೇ!

ಮಾವನ ಜಂಭಕ್ಕೆ ಮಾತ್ರ ಜ್ವರ ತಗಲಿರಲಿಲ್ಲ. “ಅಂದ್ರ ನನ್ನ ಮಂದಿ ಮಲಗಿರ್ಲಿಲ್ಲ. ಕಟ್ಟಿ ಹಾಕಿದ್ರು, ಅಷ್ಟ!”

ಅತ್ತೆ ಹರವಿಯನ್ನು ಕಿತ್ತು ಅಂಗಳದಲ್ಲಿ ಒಡೆದರು. ಉಳಿದ ಸೀರೆಯನ್ನು ಪಕ್ಕದ ಮನೆಯ ನೇಕಾರನಿಂದ ಮುಗಿಸಿಕೊಳ್ಳೋಣವೆಂದರೆ ಮಾವ ಸಿಡುಕಿದರು: “ಸೋದರಮಾವ ನಾನೋ, ಅವನೋ?” ಜ್ವರ ಪೂರ್ತಿ ಇಳಿಯುವ ಮೊದಲೇ, ಬೆರಳಿಗೆ ಬಿಸಿ ಬಟ್ಟೆ ಸುತ್ತಿಕೊಂಡು ಗುಂಡಿಗೆ ಇಳಿದರು. ಲಾಳಿ ಎಳೆದಾಗಲೆಲ್ಲ ಒಂದು ನರಳಾಟ. ಚಹಾದಂಗಡಿಯಲ್ಲಿ ಆ ನರಳಾಟವನ್ನೂ ನಕಲು ಮಾಡಲು ಬಾಯಿ ತೆರೆದೆ. ತೆರೆದ ಬಾಯಿಗೆ ಚಹಾ ಸುರಿದುಕೊಂಡು ಎದ್ದು ಬಂದೆ.

ಮದುವೆಯ ದಿನ ಬೀಗರ ಕಡೆಯ ಹಿರಿಯ ಹೆಂಗಸೊಬ್ಬರು ಅಕ್ಕನ ಸೀರೆಯನ್ನು ಮುಟ್ಟಿ ನೋಡಿದರು. “ಸೀರಿ ಛಲೋ ಐತಿ. ಅಂಚು ಇಲ್ಯಾಕ ಹಾವು ಹರದಂಗ ಡೊಂಕಾಗೈತಿ? ನೆರಿಗ್ಯಾಗ ಮುಚ್ಚಿ ಉಡಬಾರ್ದಿತ್ತೇನವಾ?”

ಮಾವ ಬೆರಳುಗಳನ್ನು ಶಾಲಿನೊಳಗೆ ಎಳೆದುಕೊಂಡರು. ನೆಗಡಿಗೂ ಸಮಜಾಯಿಷಿ ಇದ್ದ ಮನುಷ್ಯನ ಬಾಯನ್ನು ಈಗ ಯಾರೋ ಕಟ್ಟಿಹಾಕಿದ್ದರು. ಅವರ ಪರವಾಗಿ ಏನಾದರೂ ಅನ್ನೋಣವೆಂದರೆ ನನ್ನ ಬಳಿ ಇದ್ದದ್ದೆಲ್ಲ ಅವರದೇ ದನಿ. ಅಷ್ಟರಲ್ಲಿ, ತಲೆ ತಗ್ಗಿಸಿ ಕೂತಿರಬೇಕಾದ ಮದುಮಗಳು ತಲೆ ಎತ್ತಿದಳು.

“ಅಷ್ಟು ಅಂಚು ನಮ್ಮ ಮಾಮಾ ಜ್ವರದಾಗ ನೇಯ್ದದ್ರಿ. ಬೇಕಂತನ ಹೊರಗ ಬಿಟ್ಟೇನಿ. ಮುಚ್ಚಿಡಾಕ ಅದೇನು ಕಳವಿನ ಮಾಲೇನ್ರಿ?”